ಸನ್ಯಾಸಿ ಏಡಿ ಚಿಪ್ಪನ್ನು ಆರಿಸುತ್ತದೋ, ಸಿಕ್ಕಿದ್ದಕ್ಕೆ ನುಗ್ಗುತ್ತದೋ?

ಗುಬ್ಬಿಗೇಟ್ (ತುಮಕೂರು)

ಎಲ್ಲರಿಗೂ ನಮಸ್ಕಾರ. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗೆ ಕಡಲಿಲ್ಲ. ಆದರೂ ಕಡಲಿನ ಪ್ರಶ್ನೆ ತಂದಿದ್ದೇನೆ. ಸನ್ಯಾಸಿ ಏಡಿ ಗೊತ್ತಲ್ಲ, ಖಾಲಿ ಶಂಖ ಹೊತ್ತು ಓಡಾಡುವ ಪ್ರಾಣಿ. ಹೊನ್ನಾವರದ ಬಂಡೆಗಳ ಸಂದಿನಲ್ಲಿ ಮಗಳು ನೋಡಿದ್ದಾಳೆ. ದಡದ ತುಂಬ ಚಿಪ್ಪು ಬಿದ್ದಿರುವಾಗ ಅದು ಪಾಚಿ ಹಿಡಿದ, ತುದಿ ಮುರಿದ ಚಿಪ್ಪನ್ನೇ ಯಾಕೆ ಹೊತ್ತಿತ್ತು ಎಂದು ಅವಳ ಪ್ರಶ್ನೆ. ಅದಕ್ಕೆ ಅದೇ ಇಷ್ಟ ಅಂದೆ. ನನ್ನ ಭಾವಮೈದ "ಇಷ್ಟವೂ ಇಲ್ಲ ಗಿಷ್ಟವೂ ಇಲ್ಲ, ಸಿಕ್ಕಿದ್ದಕ್ಕೆ ನುಗ್ಗುತ್ತದೆ" ಎಂದು ನಕ್ಕ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಕೊಬ್ಬರಿ_ತಿಪಟೂರು

ಭಾವಮೈದನ ಜೊತೆ ವಾದ ಗೆದ್ದವರು ಯಾರೂ ಇಲ್ಲ ಸಾರ್. ಆದರೂ ಕುತೂಹಲ ಇದೆ, ಕೂತೆ.

ಮಧುಗಿರಿ_ಮೇಷ್ಟ್ರು

ಇಬ್ಬರ ಮಾತೂ ಅರ್ಧರ್ಧ ಸರಿ. ಮೊದಲು ಅದರ ಮೈ ನೋಡಬೇಕು.

ನಮ್ಮ ಗದ್ದೆ ಏಡಿಯನ್ನು ತಿರುಗಿಸಿ ನೋಡಿದ್ದೀರಾ? ಅದರ ಹೊಟ್ಟೆಯ ಭಾಗ ಚಪ್ಪಟೆಯಾಗಿ ಎದೆಯ ಕೆಳಗೆ ಮಡಚಿಕೊಂಡಿರುತ್ತದೆ. ಸುತ್ತ ಗಟ್ಟಿ ಕವಚ. ಅದಕ್ಕೆ ಬೇರೆಯವರ ಚಿಪ್ಪು ಬೇಡ. ಸನ್ಯಾಸಿ ಏಡಿಗೆ ಮುಂಭಾಗ ಮಾತ್ರ ಗಟ್ಟಿ. ಹಿಂದಿನ ಹೊಟ್ಟೆ ಮೆತ್ತಗೆ, ಉದ್ದಕ್ಕೆ, ಒಂದು ಕಡೆಗೆ ತಿರುಚಿಕೊಂಡಿರುತ್ತದೆ. ಕಡಲ ಶಂಖಗಳಲ್ಲಿ ಹೆಚ್ಚಿನವು ಒಂದೇ ದಿಕ್ಕಿಗೆ ಸುತ್ತಿಕೊಂಡಿರುತ್ತವೆ. ಆ ಸುತ್ತಿಗೆ ಹೊಂದುವ ಹಾಗೆ ಈ ಮೈ ಇದೆ. ಬಾಲದ ತುದಿಯಲ್ಲಿ ಕೊಕ್ಕೆಯಂಥ ಅಂಗಗಳಿವೆ, ಎಡಗಡೆಯದು ದೊಡ್ಡದು. ಅದರಿಂದ ಶಂಖದ ಒಳಗಿನ ನಡುಗಂಬವನ್ನು ಹಿಡಿದುಕೊಳ್ಳುತ್ತದೆ. ಕೊನೆಯ ಎರಡು ಜೊತೆ ಕಾಲುಗಳು ಪುಟಾಣಿ. ಅವು ನಡೆಯುವುದಕ್ಕಲ್ಲ, ಚಿಪ್ಪಿನ ಒಳಗೋಡೆಗೆ ಒತ್ತಿ ನಿಲ್ಲುವುದಕ್ಕೆ. ಹೆದರಿದರೆ ಪೂರ್ತಿ ಒಳಗೆ ಸರಿದು ದೊಡ್ಡ ಇಕ್ಕಳದಿಂದ ಬಾಯಿ ಮುಚ್ಚಿಕೊಳ್ಳುತ್ತದೆ.

ಬಸವನಹುಳುವಿಗೂ ಇದಕ್ಕೂ ಇರುವ ವ್ಯತ್ಯಾಸ ಮಕ್ಕಳಿಗೆ ಹೇಳಲೇಬೇಕು. ಬಸವನಹುಳು ತನ್ನ ಚಿಪ್ಪನ್ನು ತಾನೇ ಕಟ್ಟುತ್ತದೆ. ಸ್ನಾಯುವಿನಿಂದ ಅದಕ್ಕೆ ಅಂಟಿಕೊಂಡಿರುತ್ತದೆ. ಹುಳು ಬೆಳೆದ ಹಾಗೆ ಚಿಪ್ಪೂ ಬೆಳೆಯುತ್ತದೆ. ಸನ್ಯಾಸಿ ಏಡಿಗೆ ಚಿಪ್ಪು ಕಟ್ಟಲು ಬರುವುದಿಲ್ಲ. ಏಡಿ ಬೆಳೆಯುತ್ತದೆ, ಹೊತ್ತ ಚಿಪ್ಪು ಬೆಳೆಯುವುದಿಲ್ಲ. ಬದಲಿಸದೆ ಬೇರೆ ದಾರಿಯೇ ಇಲ್ಲ. ಮೊಟ್ಟೆಯಿಂದ ಹೊರಬಂದ ಮರಿ ಕೆಲವು ಹಂತ ನೀರಿನಲ್ಲಿ ತೇಲುತ್ತದೆ. ಕೊನೆಯ ಮರಿ ಹಂತದಲ್ಲಿ ತಳಕ್ಕೆ ಇಳಿದು ತನ್ನ ಮೊದಲ ಚಿಪ್ಪು ಹುಡುಕುತ್ತದೆ. ಅದು ಕೆಲವೇ ಮಿಲಿಮೀಟರ್ ಉದ್ದದ ಚಿಪ್ಪು. ಅಲ್ಲಿಂದ ಶುರುವಾದ ಹುಡುಕಾಟ ಸಾಯುವ ತನಕ.

ಜಗತ್ತಿನಲ್ಲಿ ಇಂಥ ಏಡಿಗಳು ಸಾವಿರಕ್ಕೂ ಜಾಸ್ತಿ ಜಾತಿ ಇವೆ. ನಮ್ಮ ಕರಾವಳಿಯ ಬಂಡೆ ದಡದಲ್ಲಿ ಕ್ಲಿಬನೇರಿಯಸ್ ಗುಂಪಿನವು ಸಿಗುತ್ತವೆ, ಮರಳು ದಡದಲ್ಲಿ ಡಯೋಜಿನೀಸ್ ಗುಂಪಿನವು.

ಚಿನ್ನದಗಣಿ (ಕೆಜಿಎಫ್)

ಮೇಷ್ಟ್ರೇ, ಮೈ ವಿಷಯ ಒಪ್ಪಿದೆ. ಆದರೆ "ಆರಿಸುತ್ತದೆ" ಅನ್ನುವುದು ಸ್ವಲ್ಪ ದೊಡ್ಡ ಮಾತಾಯಿತು, ಅಲ್ವಾ? ಆರಿಸುವುದು ಅಂದರೆ ಎರಡನ್ನು ತೂಗಿ ನೋಡಿ ಒಂದನ್ನು ಬಿಡುವುದು. ಚಿಪ್ಪು ಮುಟ್ಟಿದ ಕೂಡಲೇ ಒಳಗೆ ನುಗ್ಗುವ ಬರೀ ಹುಟ್ಟುಗುಣವೂ ಇರಬಹುದಲ್ಲ. ನಾವು ನೋಡುವವರು ಅದಕ್ಕೆ ಮನಸ್ಸು ಅಂಟಿಸುತ್ತಿದ್ದೇವೆ ಅಂತ ನನ್ನ ಅನುಮಾನ.

ನಂದಿತಪ್ಪಲು (ಚಿಕ್ಕಬಳ್ಳಾಪುರ)

ನಾನು ಓದಿದ್ದು ಪ್ರಾಣಿಗಳ ವರ್ತನೆ. ಇದು ನನ್ನ ಇಷ್ಟದ ವಿಷಯ, ಉದ್ದವಾದರೆ ಕ್ಷಮಿಸಿ.

ಮುಟ್ಟಿದ ಕೂಡಲೇ ಅದು ನುಗ್ಗುವುದಿಲ್ಲ. ಮೊದಲು ಮೀಸೆಗಳಿಂದ ಸವರುತ್ತದೆ. ಕಾಲು, ಇಕ್ಕಳಗಳಿಂದ ಚಿಪ್ಪಿನ ಮೈಯನ್ನೆಲ್ಲ ತಡಕುತ್ತದೆ. ಉರುಳಿಸಿ ಬಾಯಿ ಎಲ್ಲಿದೆ ಎಂದು ಹುಡುಕುತ್ತದೆ. ಆಮೇಲೆ ಇಕ್ಕಳವನ್ನು ಒಳಗೆ ತೂರಿಸಿ ಆಳ, ಅಗಲ ನೋಡುತ್ತದೆ. ಒಳಗೆ ಮರಳಿದ್ದರೆ ತೆಗೆದು ಹಾಕುತ್ತದೆ. ಇಷ್ಟೆಲ್ಲ ಆದ ಮೇಲೆ ಹಳೆಯ ಚಿಪ್ಪನ್ನು ಪಕ್ಕದಲ್ಲೇ ಇಟ್ಟುಕೊಂಡು ಕ್ಷಣದಲ್ಲಿ ಹೊಟ್ಟೆಯನ್ನು ಹೊಸದಕ್ಕೆ ಹಾಯಿಸುತ್ತದೆ. ಬೆತ್ತಲೆ ಹೊಟ್ಟೆ ಹೊರಗಿರುವ ಹೊತ್ತು ತೀರಾ ಕಮ್ಮಿ, ಯಾಕೆಂದರೆ ಆಗ ಯಾವ ಮೀನು ಬೇಕಾದರೂ ನುಂಗಬಹುದು. ಹೊಸದು ಸರಿ ಬರಲಿಲ್ಲವಾ, ಹಳೆಯದಕ್ಕೇ ವಾಪಸ್. ಎಷ್ಟೋ ಸಲ ಒಳಗೆ ಇಕ್ಕಳ ಹಾಕಿ ನೋಡಿ, ಬೇಡ ಎಂದು ಬಿಟ್ಟೂ ಹೋಗುತ್ತದೆ.

ಚಿಪ್ಪು ಯಾವುದು, ಕಲ್ಲು ಯಾವುದು ಎಂದು ಹೇಗೆ ಗೊತ್ತಾಗುತ್ತದೆ? ಒಂದು ಸುಳಿವು ಸುಣ್ಣದಂಶ. 1982ರಲ್ಲಿ ಕ್ಯಾರೆನ್ ಮೆಸ್ ಎಂಬ ವಿಜ್ಞಾನಿ ಕ್ಯಾಲ್ಸಿಯಂ ಇರುವ ವಸ್ತುಗಳನ್ನು ಏಡಿ ಚಿಪ್ಪಿನ ಹಾಗೇ ಪರೀಕ್ಷೆ ಮಾಡುತ್ತದೆ ಎಂದು ತೋರಿಸಿದರು. ಆಕಾರದ ಜೊತೆ ರುಚಿಯನ್ನೂ ನೋಡುತ್ತದೆ ಅನ್ನಿ.

ತೂಗಿ ನೋಡುವುದರ ಬಗ್ಗೆ ಕೇಳಿದ್ದಿರಿ. ಬಾಯಿ ಮುಚ್ಚಿದ, ಒಳಗೆ ಹೋಗಲಾಗದ ಚಿಪ್ಪುಗಳನ್ನು ಏಡಿಗಳ ಮುಂದೆ ಇಟ್ಟು ನೋಡಿದ್ದಾರೆ. ಮೊದಲ ಸಲ ಬಹಳ ಹೊತ್ತು ತಡಕಾಡುತ್ತದೆ. ಅದೇ ಚಿಪ್ಪು ಮತ್ತೆ ಎದುರಾದರೆ ಅಷ್ಟು ಹೊತ್ತು ಕಳೆಯುವುದಿಲ್ಲ. ಇದು ಆಗಲೇ ನೋಡಿ ಬಿಟ್ಟದ್ದು ಎಂದು ನೆನಪಿರುತ್ತದೆ. ಈ ಕೆಲಸ 1989ರದ್ದು. ಉತ್ತರ ಐರ್ಲೆಂಡಿನ ಕ್ವೀನ್ಸ್ ಯೂನಿವರ್ಸಿಟಿ ಬೆಲ್‌ಫಾಸ್ಟ್‌ನ ರಾಬರ್ಟ್ ಎಲ್‌ವುಡ್ ಮತ್ತು ಜೊತೆಯವರದ್ದು.

ಗುಬ್ಬಿಗೇಟ್ (ತುಮಕೂರು)

ಭಾವಮೈದನಿಗೆ ಕಳಿಸಿದೆ. "ಓದ್ತೀನಿ" ಅಂತ ಮೆಸೇಜ್ ಬಂತು. ಓದುವುದಿಲ್ಲ.

ಹಾಗಾದರೆ ಅದಕ್ಕೆ ಎಂಥ ಚಿಪ್ಪು ಬೇಕು? ದೊಡ್ಡದಾದಷ್ಟೂ ಒಳ್ಳೆಯದಾ?

ಮಧುಗಿರಿ_ಮೇಷ್ಟ್ರು

ಇಲ್ಲ. ಚಿಕ್ಕದಾದರೆ ಪೂರ್ತಿ ಒಳಗೆ ಹೋಗಲಾಗುವುದಿಲ್ಲ, ಬೆಳವಣಿಗೆ ಕುಂಠಿತವಾಗುತ್ತದೆ. ಹೆಣ್ಣು ಮೊಟ್ಟೆಗಳನ್ನು ಹೊಟ್ಟೆಗೆ ಅಂಟಿಸಿಕೊಂಡು ಚಿಪ್ಪಿನೊಳಗೇ ಇಟ್ಟುಕೊಳ್ಳುತ್ತದೆ, ಆದ್ದರಿಂದ ಇಕ್ಕಟ್ಟಾದರೆ ಮೊಟ್ಟೆಯೂ ಕಮ್ಮಿ. ತೀರಾ ದೊಡ್ಡದಾದರೆ ಭಾರ. ಹೊತ್ತು ತಿರುಗಲು ಶಕ್ತಿ ಖರ್ಚು. ಬಾಯಿ ತುಂಬಾ ಅಗಲವಾದರೆ ಇಕ್ಕಳದಿಂದ ಮುಚ್ಚಲು ಆಗುವುದಿಲ್ಲ. ಗೋಡೆ ದಪ್ಪ ಇದ್ದರೆ ಚಿಪ್ಪು ಒಡೆಯುವ ಏಡಿ–ಮೀನುಗಳಿಂದ ರಕ್ಷಣೆ, ಆದರೆ ಅದೇ ದಪ್ಪ ಮತ್ತೆ ಭಾರ. ಎಲ್ಲದರಲ್ಲೂ ಒಂದು ಕೊಟ್ಟು ಒಂದು ತಗೊಳ್ಳಬೇಕು.

ಹಾಳಾದ ಚಿಪ್ಪಿನ ವಿಷಯ ನಿಮ್ಮ ಮಗಳು ಸರಿಯಾಗಿ ಹಿಡಿದಿದ್ದಾಳೆ. ತೂತಿನ ಚಿಪ್ಪೂ ಅಂಥದ್ದೇ. ಕೆಲವು ಕಡಲ ಬಸವನಹುಳುಗಳು ಬೇರೆ ಚಿಪ್ಪುಗಳಿಗೆ ಗುಂಡಗೆ, ಬೈರಿಗೆಯಲ್ಲಿ ಕೊರೆದ ಹಾಗೆ ತೂತು ಹಾಕಿ ಒಳಗಿನ ಮಾಂಸ ತಿನ್ನುತ್ತವೆ. ದಡದಲ್ಲಿ ಅಂಥ ತೂತಿನ ಚಿಪ್ಪು ಎಷ್ಟು ಬೇಕಾದರೂ ಸಿಗುತ್ತದೆ. ಅಮೆರಿಕದ ಪೂರ್ವ ಕರಾವಳಿಯ ಏಡಿಗಳ ಮೇಲೆ ನಡೆದ ಪ್ರಯೋಗದಲ್ಲಿ, ತೂತಿಲ್ಲದ್ದು ಸಿಕ್ಕರೆ ತೂತಿನದ್ದನ್ನು ಅವು ಬೇಡ ಅಂದವು. ಅಂದರೆ ಹೊನ್ನಾವರದ ಆ ಏಡಿಗೆ ಮುರುಕು ಚಿಪ್ಪು ಇಷ್ಟ ಅಂತಲ್ಲ. ಅದರ ಅಳತೆಗೆ ಸರಿಹೊಂದುವ ಒಳ್ಳೆಯ ಚಿಪ್ಪು ಸಿಕ್ಕಿರಲಿಕ್ಕಿಲ್ಲ. ನಮ್ಮ ಕಣ್ಣಿಗೆ ದಡದ ತುಂಬ ಚಿಪ್ಪು ಕಾಣುತ್ತದೆ. ಅದರಲ್ಲಿ ಹೆಚ್ಚಿನವು ಎರಡು ಹೋಳಿನ ಕಪ್ಪೆಚಿಪ್ಪು, ಸುತ್ತಿಲ್ಲದ್ದು. ಅವುಗಳಿಂದ ಇದಕ್ಕೇನೂ ಉಪಯೋಗವಿಲ್ಲ.

ಚಿನ್ನದಗಣಿ (ಕೆಜಿಎಫ್)

ನೆನಪಿನ ಪ್ರಯೋಗ ಚೆನ್ನಾಗಿದೆ, ಒಪ್ಪಿದೆ. ಮಧ್ಯದಲ್ಲಿ ಇನ್ನೊಂದು ಪ್ರಶ್ನೆ. ಪೂಜೆಗೆ ಇಡುವ ಬಲಮುರಿ ಶಂಖ ಸಿಕ್ಕರೆ ಏಡಿ ಏನು ಮಾಡುತ್ತದೆ?

ಮಧುಗಿರಿ_ಮೇಷ್ಟ್ರು

ಹ್ಹಾ, ಒಳ್ಳೆಯ ಪ್ರಶ್ನೆ. ವಿಜ್ಞಾನದವರು ಚಿಪ್ಪಿನ ಚೂಪು ತುದಿ ಮೇಲೆ ಮಾಡಿ ಹಿಡಿಯುತ್ತಾರೆ. ಪೂಜೆಯವರು ತಲೆಕೆಳಗಾಗಿ ಹಿಡಿಯುತ್ತಾರೆ. ಹಾಗಾಗಿ ಎಡ–ಬಲ ಅದಲುಬದಲಾಗುತ್ತದೆ. ನಾವು ಬಲಮುರಿ ಎನ್ನುವುದು ಸಾಮಾನ್ಯ ಶಂಖಕ್ಕೆ ಉಲ್ಟಾ ಸುತ್ತಿದ ಅಪರೂಪದ್ದು. ಏಡಿಯ ಹೊಟ್ಟೆ ಸಾಮಾನ್ಯ ಸುತ್ತಿಗೆ ಹೊಂದಿರುವುದರಿಂದ ಅದು ಚೆನ್ನಾಗಿ ಕೂರುವುದಿಲ್ಲ. ಬೇರೆ ಗತಿಯಿಲ್ಲದಿದ್ದರೆ ಹೊಕ್ಕೀತು. ನೀವು ಲಕ್ಷ ಲಕ್ಷ ಕೊಟ್ಟು ಕೊಳ್ಳುವುದನ್ನು ಅದು ಕಡೆಯ ಆಯ್ಕೆ ಮಾಡಿಕೊಳ್ಳುತ್ತದೆ.

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಚಿನ್ನದಗಣಿಯವರ "ಬರೀ ಹುಟ್ಟುಗುಣ" ಮಾತಿಗೆ ಇನ್ನೊಂದು ಉತ್ತರ ಬಾಕಿ ಇದೆ. ಇದು ಸ್ವಲ್ಪ ಕಸಿವಿಸಿ ಆಗುವ ಪ್ರಯೋಗ.

2009ರಲ್ಲಿ ಎಲ್‌ವುಡ್ ಮತ್ತು ಮಿರ್ಜಾಮ್ ಆ್ಯಪೆಲ್ ಏಡಿಗಳ ಹೊಟ್ಟೆಗೆ ಸಣ್ಣ ವಿದ್ಯುತ್ ಶಾಕ್ ಕೊಟ್ಟರು. ಕೆಲವು ಏಡಿಗಳು ತಮಗೆ ಇಷ್ಟವಾದ ಜಾತಿಯ ಚಿಪ್ಪಿನಲ್ಲಿದ್ದವು, ಕೆಲವು ಅಷ್ಟು ಇಷ್ಟವಿಲ್ಲದ ಜಾತಿಯ ಚಿಪ್ಪಿನಲ್ಲಿ. ಇಷ್ಟವಿಲ್ಲದ ಚಿಪ್ಪಿನವು ಜಾಸ್ತಿ ಬಿಟ್ಟು ಹೊರಬಂದವು. ಒಳ್ಳೆಯ ಚಿಪ್ಪಿನವು ನೋವು ತಿಂದರೂ ಹಿಡಿದುಕೊಂಡು ಕೂತವು. ಬರೀ ಮೈಯ ತಕ್ಷಣದ ಪ್ರತಿಕ್ರಿಯೆ ಆಗಿದ್ದರೆ ಚಿಪ್ಪಿನ ಗುಣಕ್ಕೆ ತಕ್ಕ ಹಾಗೆ ಬದಲಾಗಬೇಕಿರಲಿಲ್ಲ. ಶಾಕ್ ತಿಂದೂ ಹೊರಬಾರದ ಏಡಿಗಳಿಗೆ ಆಮೇಲೆ ಹೊಸ ಚಿಪ್ಪು ಕೊಟ್ಟಾಗ ಬೇಗ ಹತ್ತಿರ ಬಂದವು, ಕಡಿಮೆ ಪರೀಕ್ಷೆ ಮಾಡಿ ಒಳಗೆ ಹೋದವು. ಹಳೆಯ ಚಿಪ್ಪಿನ ಬೆಲೆ ಅವುಗಳ ಲೆಕ್ಕದಲ್ಲಿ ಇಳಿದಿತ್ತು.

ಇಂಥ ಕೆಲಸಗಳ ಪರಿಣಾಮ ಕಾನೂನಿನ ತನಕ ಹೋಗಿದೆ. ಬ್ರಿಟನ್ನಿನ 2022ರ ಪ್ರಾಣಿ ಸಂವೇದನೆ ಕಾಯ್ದೆಯಲ್ಲಿ ಏಡಿ, ಸೀಗಡಿ ಜಾತಿಗಳನ್ನೂ ಸೇರಿಸಿದ್ದಾರೆ.

ಚಿನ್ನದಗಣಿ (ಕೆಜಿಎಫ್)

ಸರಿ, ಹುಟ್ಟುಗುಣದ ವಾದ ಇಲ್ಲಿಗೆ ಬಿಡುತ್ತೇನೆ. ಆದರೂ "ಮನಸ್ಸು" ಅಂತ ಬರೆಯಲು ನನ್ನ ಕೈ ಬರುವುದಿಲ್ಲ.

ಕೊಬ್ಬರಿ_ತಿಪಟೂರು

ಬರೆಯಬೇಡಿ ಬಿಡಿ. ನನ್ನ ಪ್ರಶ್ನೆ ಬೇರೆ. ಒಳ್ಳೆಯ ಚಿಪ್ಪು ಕಮ್ಮಿ ಅಂತೀರಿ. ಹಾಗಾದರೆ ಕಿತ್ತಾಟ ಆಗಬೇಕಲ್ಲ?

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಆಗುತ್ತದೆ, ಜೋರಾಗೇ ಆಗುತ್ತದೆ. ದಾಳಿ ಮಾಡುವ ಏಡಿ ಎದುರಾಳಿಯ ಚಿಪ್ಪನ್ನು ಹಿಡಿದು, ತನ್ನ ಚಿಪ್ಪಿನಿಂದ ಟಕಟಕ ಟಕಟಕ ಎಂದು ಕುಟ್ಟುತ್ತದೆ. ಒಂದಿಷ್ಟು ಕುಟ್ಟು, ಸ್ವಲ್ಪ ಬಿಡುವು, ಮತ್ತೆ ಕುಟ್ಟು. ಒಳಗಿರುವುದು ಇಕ್ಕಳ ಮುಚ್ಚಿ ಬಿಗಿಯಾಗಿ ಹಿಡಿದಿರುತ್ತದೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಮಾರ್ಕ್ ಬ್ರಿಫಾ ಈ ಕುಟ್ಟುವಿಕೆಯನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಗಟ್ಟಿಯಾಗಿ, ಬಿಡುವು ಕಮ್ಮಿ ಕೊಟ್ಟು ಕುಟ್ಟಬಲ್ಲವು ಗೆಲ್ಲುವುದು ಹೆಚ್ಚು. ಕುಟ್ಟುವುದು ಸುಲಭದ ಕೆಲಸವಲ್ಲ, ದಾಳಿಕೋರನಿಗೇ ಸುಸ್ತಾಗುತ್ತದೆ.

ಗೆದ್ದ ಮೇಲಿನ ದೃಶ್ಯ ನನಗೆ ಬಹಳ ಇಷ್ಟ. ಸೋತ ಏಡಿಯನ್ನು ಇಕ್ಕಳದಿಂದ ಹೊರಗೆ ಎಳೆದು ಹಾಕಿರುತ್ತದೆ. ಅದು ಬೆತ್ತಲೆಯಾಗಿ ಅಲ್ಲೇ ಕಾಯುತ್ತಾ ಕೂತಿರುತ್ತದೆ. ಗೆದ್ದದ್ದು ಗೆದ್ದ ಚಿಪ್ಪನ್ನು ಮೊದಲು ಪರೀಕ್ಷೆ ಮಾಡುತ್ತದೆ. ಇಷ್ಟವಾದರೆ ಅದಕ್ಕೆ ಹೋಗುತ್ತದೆ. ಆಗದಿದ್ದರೆ ತನ್ನ ಹಳೆಯದಕ್ಕೇ ವಾಪಸ್. ಯಾವುದು ಉಳಿಯಿತೋ ಅದು ಸೋತದ್ದಕ್ಕೆ.

ಇದರ ಬಗ್ಗೆ ವಿಜ್ಞಾನಿಗಳಲ್ಲೂ ಜಗಳ ಆಗಿದೆ. ಅಮೆರಿಕದ ಬ್ರಯಾನ್ ಹ್ಯಾಜ್ಲೆಟ್ ಇದು ಜಗಳವಲ್ಲ, ಚೌಕಾಸಿ ಎಂದರು. ದೊಡ್ಡ ಏಡಿ ಚಿಕ್ಕ ಚಿಪ್ಪಿನಲ್ಲಿ, ಚಿಕ್ಕದು ದೊಡ್ಡ ಚಿಪ್ಪಿನಲ್ಲಿ ಇದ್ದರೆ ಅದಲುಬದಲಿನಿಂದ ಇಬ್ಬರಿಗೂ ಲಾಭ ಅಲ್ವಾ? ಆ ಕುಟ್ಟುವಿಕೆ "ನನ್ನ ಚಿಪ್ಪು ಇಂಥದ್ದು, ನೋಡು" ಎನ್ನುವ ಮಾತು ಎಂದು ಅವರ ವಾದ. ಎಲ್‌ವುಡ್, ಬ್ರಿಫಾ ಗುಂಪಿನವರು ಒಪ್ಪಲಿಲ್ಲ. ಸೋತದ್ದಕ್ಕೆ ನಷ್ಟವಾದರೂ ಗೆದ್ದದ್ದು ಅದನ್ನು ಹೊರಗೆ ಹಾಕುತ್ತದೆ, ಕುಟ್ಟುವುದು ಶಕ್ತಿಯ ಪ್ರದರ್ಶನ ಎಂದರು. ನನಗೂ ಎರಡನೆಯದೇ ಸರಿ ಕಾಣುತ್ತದೆ. ಚೌಕಾಸಿಯಲ್ಲಿ ಒಬ್ಬರನ್ನು ಎಳೆದು ಹೊರಗೆ ಹಾಕುವುದಿಲ್ಲವಲ್ಲ.

ಗುಬ್ಬಿಗೇಟ್ (ತುಮಕೂರು)

ಒಂದು ಅನುಮಾನ. ಒಂದು ದೊಡ್ಡ ಚಿಪ್ಪು ಖಾಲಿ ಆದರೆ ಅದಕ್ಕೆ ಹೋದ ಏಡಿಯ ಹಳೆಯ ಚಿಪ್ಪು ಖಾಲಿ ಆಗುತ್ತದೆ. ಅದಕ್ಕೆ ಇನ್ನೊಂದು. ನಮ್ಮ ಬೀದಿಯಲ್ಲಿ ಮೂರು ಬೆಡ್‌ರೂಮಿನ ಬಾಡಿಗೆ ಮನೆ ಖಾಲಿಯಾದಾಗ ಹೀಗೇ ಆಯಿತು. ಎರಡು ಬೆಡ್‌ರೂಮಿನವರು ಅಲ್ಲಿಗೆ ಹೋದರು, ಸಿಂಗಲ್ ರೂಮಿನವರು ಇವರ ಮನೆಗೆ ಬಂದರು, ಕೊನೆಗೆ ಆ ಸಿಂಗಲ್ ರೂಮು ಒಬ್ಬ ಡಿಪ್ಲೊಮಾ ಹುಡುಗನಿಗೆ ಸಿಕ್ಕಿತು.

ನಂದಿತಪ್ಪಲು (ಚಿಕ್ಕಬಳ್ಳಾಪುರ)

ನೀವು ಒಂದು ಸಂಶೋಧನಾ ಪ್ರಬಂಧವನ್ನೇ ಹೇಳಿಬಿಟ್ಟಿರಿ! ಈ ಸರಣಿಯನ್ನು ಮೊದಲು ವಿವರಿಸಿದವರು ಸಮಾಜಶಾಸ್ತ್ರಜ್ಞರು. 1970ರಲ್ಲಿ ಹ್ಯಾರಿಸನ್ ವೈಟ್ ಎಂಬವರು ಚರ್ಚಿನ ಪಾದ್ರಿಗಳ ಹುದ್ದೆ ಖಾಲಿಯಾದಾಗ ವರ್ಗಾವಣೆಯ ಸರಣಿ ಹೇಗೆ ನಡೆಯುತ್ತದೆ ಎಂದು ಲೆಕ್ಕ ಹಾಕಿದರು. ಮನೆಗಳಿಗೂ ಅದೇ ಲೆಕ್ಕ ಹೊಂದಿತು. ಇನ್ನೊಬ್ಬ ಸಮಾಜಶಾಸ್ತ್ರಜ್ಞ ಐವನ್ ಚೇಸ್ 1980ರ ದಶಕದಲ್ಲಿ ಅದನ್ನು ಸನ್ಯಾಸಿ ಏಡಿಗೆ ಹಚ್ಚಿ ನೋಡಿದರು. ಕಡಲ ದಡದ ನೀರಿಗೆ ಒಂದು ಒಳ್ಳೆಯ ಖಾಲಿ ಚಿಪ್ಪು ಹಾಕಿ ಕಾದರು. ಒಂದೇ ಚಿಪ್ಪಿನಿಂದ ಹಲವು ಏಡಿಗಳಿಗೆ ಮೊದಲಿಗಿಂತ ಒಳ್ಳೆಯ ಚಿಪ್ಪು ಸಿಕ್ಕಿತು. ಸರಣಿಯ ಕೊನೆಯಲ್ಲಿ ಉಳಿದದ್ದು ಯಾರಿಗೂ ಬೇಡದ ಮುರುಕು.

ನೆಲದ ಮೇಲೆ ಇರುವ ಜಾತಿಗಳಲ್ಲಿ ಇದು ಇನ್ನೂ ಸೊಗಸು. ರ‍್ಯಾಂಡಿ ರೋಟ್ಜನ್ ಮತ್ತು ಜೊತೆಯವರು ಬೆಲೀಜ್ ದೇಶದ ಪುಟ್ಟ ದ್ವೀಪದಲ್ಲಿ ನೋಡಿ 2010ರಲ್ಲಿ ಪ್ರಕಟಿಸಿದರು. ಒಂದು ಏಡಿಗೆ ದೊಡ್ಡ ಖಾಲಿ ಚಿಪ್ಪು ಸಿಗುತ್ತದೆ. ಅಳತೆ ನೋಡುತ್ತದೆ, ತನಗೆ ತೀರಾ ದೊಡ್ಡದು. ಬಿಟ್ಟು ಹೋಗುವುದಿಲ್ಲ, ಪಕ್ಕದಲ್ಲೇ ಕಾಯುತ್ತದೆ. ಇನ್ನೊಂದು ಬರುತ್ತದೆ, ಮತ್ತೊಂದು ಬರುತ್ತದೆ. ದೊಡ್ಡದರಿಂದ ಚಿಕ್ಕದರವರೆಗೆ ಒಂದರ ಹಿಂದೆ ಒಂದು ಹಿಡಿದುಕೊಂಡು ಸಾಲು ನಿಲ್ಲುತ್ತವೆ. ಆ ದೊಡ್ಡ ಚಿಪ್ಪಿಗೆ ಸರಿಯಾದ ಅಳತೆಯದು ಬಂದು ಹೊಕ್ಕ ಕೂಡಲೇ, ಕೆಲವೇ ಸೆಕೆಂಡಿನಲ್ಲಿ ಸಾಲಿನವರೆಲ್ಲ ಮುಂದಿನವರ ಚಿಪ್ಪಿಗೆ ಜಿಗಿಯುತ್ತಾರೆ.

ಕೊಬ್ಬರಿ_ತಿಪಟೂರು

ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಇಷ್ಟು ಶಿಸ್ತು ಇಲ್ಲ.

ಮಧುಗಿರಿ_ಮೇಷ್ಟ್ರು

ನೆಲದ ಏಡಿಗಳ ಬಗ್ಗೆ ಒಂದು ಮುಖ್ಯ ವಿಷಯ ಸೇರಿಸುತ್ತೇನೆ. ಸೀನೊಬೈಟಾ ಎಂಬ ಗುಂಪಿನವು ದಡದ ಮೇಲೆ, ಕಾಡಿನ ಒಳಗೆ ಬದುಕುತ್ತವೆ. ಮೊಟ್ಟೆ ಬಿಡಲು ಮಾತ್ರ ಕಡಲಿಗೆ ಹೋಗುತ್ತವೆ. ನಮ್ಮ ದೇಶದಲ್ಲಿ ಅಂಡಮಾನ್, ಲಕ್ಷದ್ವೀಪಗಳಲ್ಲಿ ಇವೆ. ಇವು ಚಿಪ್ಪಿನೊಳಗೆ ಸ್ವಲ್ಪ ನೀರು ಇಟ್ಟುಕೊಂಡಿರುತ್ತವೆ. ಕಿವಿರು ಒದ್ದೆ ಇರಬೇಕು, ಇಲ್ಲದಿದ್ದರೆ ಉಸಿರಾಡಲು ಆಗುವುದಿಲ್ಲ. ಹಾಗಾಗಿ ತೂತು ಬಿದ್ದ ಚಿಪ್ಪು ಇವಕ್ಕೆ ಇನ್ನೂ ಅಪಾಯ. ನೀರಿನಲ್ಲಿ ತೇಲುವ ಅನುಕೂಲವಿಲ್ಲದ್ದರಿಂದ ಭಾರವೂ ಪೂರ್ತಿ ಮೈ ಮೇಲೆ.

ಮಾರ್ಕ್ ಲೈಡ್ರೆ ಎಂಬ ವಿಜ್ಞಾನಿ ಕೋಸ್ಟರಿಕಾದಲ್ಲಿ ಇವುಗಳನ್ನು ನೋಡಿದ್ದಾರೆ. ಈ ಏಡಿಗಳು ಚಿಪ್ಪಿನ ಒಳಗನ್ನು ಕೆರೆದು ಸವೆಸುತ್ತವೆ. ನಡುಗಂಬ ಕರಗುತ್ತದೆ, ಬಾಯಿ ಅಗಲವಾಗುತ್ತದೆ, ಒಳಜಾಗ ಜಾಸ್ತಿಯಾಗುತ್ತದೆ, ತೂಕ ಇಳಿಯುತ್ತದೆ. ಹೀಗೆ ತಿದ್ದಿದ ಚಿಪ್ಪು ಒಂದು ಏಡಿಯಿಂದ ಇನ್ನೊಂದಕ್ಕೆ ಹೋಗುತ್ತಾ ಇರುತ್ತದೆ. ಹುಳು ಈಗಷ್ಟೇ ಸತ್ತ ಹೊಸ ಚಿಪ್ಪು ದೊಡ್ಡ ಏಡಿಗಳಿಗೆ ಬಹುತೇಕ ಉಪಯೋಗಕ್ಕೆ ಬರುವುದಿಲ್ಲ. ಅವಕ್ಕೆ ಬೇಕಾದದ್ದು ಬೇರೊಂದು ಏಡಿ ಬಳಸಿ ಬಿಟ್ಟ ಚಿಪ್ಪು. ಒಂಟಿಯಾಗಿ ಬದುಕುತ್ತದೆ ಎಂದು ನಾವು ಸನ್ಯಾಸಿ ಅಂದುಕೊಂಡ ಪ್ರಾಣಿ ಚಿಪ್ಪಿಗಾಗಿ ತನ್ನ ಜಾತಿಯವರ ಬೆನ್ನು ಬಿಡುವುದೇ ಇಲ್ಲ.

ಗುಬ್ಬಿ_ಅಡಿಕೆತೋಟ

ಮೇಷ್ಟ್ರೇ, ನಮ್ಮ ತೋಟದಲ್ಲಿ ಮಳೆ ಬಂದರೆ ಸಾಕು, ಕೈ ಅಗಲದ ಬಸವನಹುಳು ಕಾಟ. ಪಪ್ಪಾಯ, ಬಾಳೆ ಸಸಿ, ವೀಳ್ಯದೆಲೆ ಏನೂ ಬಿಡುವುದಿಲ್ಲ. ಆ ಚಿಪ್ಪು ಏಡಿಗೆ ಆಗುತ್ತದಾ? ಆಗುವುದಾದರೆ ಲಾರಿ ಲೋಡ್ ಕಳಿಸುತ್ತೇನೆ, ಉಚಿತ.

ಮಧುಗಿರಿ_ಮೇಷ್ಟ್ರು

ತಮಾಷೆಗೆ ಕೇಳಿದಿರಿ, ಉತ್ತರ ಮಾತ್ರ ನಿಜಕ್ಕೂ "ಆಗುತ್ತದೆ". ಅದು ಆಫ್ರಿಕಾದ ದೈತ್ಯ ಬಸವನಹುಳು. ಪೂರ್ವ ಆಫ್ರಿಕಾದ್ದು. 1847ರಲ್ಲಿ ವಿಲಿಯಂ ಬೆನ್ಸನ್ ಎಂಬವರು ಮಾರಿಷಸ್‌ನಿಂದ ತಂದು ಕೋಲ್ಕತ್ತಾದ ಒಂದು ತೋಟದಲ್ಲಿ ಬಿಟ್ಟರು ಎಂದು ದಾಖಲೆ ಇದೆ. ಅಲ್ಲಿಂದ ದೇಶದ ತುಂಬ ಹರಡಿತು. ಜಪಾನಿನ ಒಗಸವಾರ, ರ‍್ಯೂಕ್ಯೂ ದ್ವೀಪಗಳಿಗೂ ಇದೇ ಹುಳು ಹೋಗಿದೆ. ಅಲ್ಲಿನ ನೆಲದ ಸನ್ಯಾಸಿ ಏಡಿಗಳು ಇದರ ಚಿಪ್ಪನ್ನು ಚೆನ್ನಾಗಿ ಬಳಸುತ್ತವೆ. ದೊಡ್ಡದು, ಹಗುರ, ಬಾಯಿಯೂ ಅಗಲ.

ಲಾರಿ ಮಾತ್ರ ಕಳಿಸಬೇಡಿ. ಚಿಪ್ಪಿನ ಜೊತೆ ಮೊಟ್ಟೆ, ಮರಿ ಹೋದರೆ ಅಂಡಮಾನಿನವರು ನಮ್ಮನ್ನು ಬೈಯುತ್ತಾರೆ.

ಕೊಬ್ಬರಿ_ತಿಪಟೂರು

ತೆಂಗಿನಕಾಯಿ ಒಡೆಯುವ ಏಡಿ ಇದೆ ಅಂತಾರಲ್ಲ, ಅದೂ ಇದೇ ಕುಲವಾ? ನಮ್ಮ ಮಾರ್ಕೆಟ್ಟಿಗೆ ಬಂದರೆ ಕಷ್ಟ.

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಅದೇ ಕುಲ. ತೆಂಗಿನ ಏಡಿ, ನೆಲದ ಮೇಲಿನ ಸಂಧಿಪದಿಗಳಲ್ಲೇ ದೊಡ್ಡದು. ನಾಲ್ಕು ಕಿಲೋವರೆಗೆ ತೂಗುತ್ತದೆ. ಮರಿಯಾಗಿದ್ದಾಗ ಚಿಪ್ಪು ಹೊತ್ತಿರುತ್ತದೆ. ದೊಡ್ಡದಾದ ಮೇಲೆ ಹೊಟ್ಟೆಯ ಚರ್ಮವೇ ಗಟ್ಟಿಯಾಗಿ ಚಿಪ್ಪು ಬಿಟ್ಟುಬಿಡುತ್ತದೆ. ಆ ಗಾತ್ರಕ್ಕೆ ಚಿಪ್ಪು ಎಲ್ಲಿಂದ ತರುವುದು? ನಮ್ಮಲ್ಲಿ ಅಂಡಮಾನ್–ನಿಕೋಬಾರಿನಲ್ಲಿ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ತಿಪಟೂರಿನ ಕೊಬ್ಬರಿ ಸದ್ಯಕ್ಕೆ ಸುರಕ್ಷಿತ.

ಹಳೆಯ ಕಾಲದ್ದೂ ಒಂದು ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಯಾರ್ಕ್‌ಶೈರ್ ಕರಾವಳಿಯ ಸ್ಪೀಟನ್‌ನಲ್ಲಿ ಡೈನೋಸಾರ್ ಕಾಲದ ಒಂದು ಪಳೆಯುಳಿಕೆ ಸಿಕ್ಕಿದೆ. ಸನ್ಯಾಸಿ ಏಡಿ ಅಮೊನೈಟ್ ಎಂಬ ಹಳೆಯ ಕಡಲ ಪ್ರಾಣಿಯ ಸುರುಳಿ ಚಿಪ್ಪಿನೊಳಗೆ ಕೂತಿದೆ. ಅಮೊನೈಟುಗಳು ಈಗ ಇಲ್ಲ. ಬಾಡಿಗೆದಾರ ಉಳಿದುಕೊಂಡ.

ಶಿಡ್ಲಘಟ್ಟ_ಗೂಡು

ಈ ಚರ್ಚೆ ಓದಿ ಹೊಟ್ಟೆ ಉರಿಯಿತು. ತಮ್ಮ ಬೆಂಗಳೂರಿನ ಒಂದು ಅಂಗಡಿಯಿಂದ ಎರಡು ಏಡಿ ತಂದಿದ್ದ. ಚಿಪ್ಪಿಗೆ ಹಳದಿ, ಗುಲಾಬಿ ಬಣ್ಣ, ಮೇಲೆ ಕಾರ್ಟೂನು. ಅಂಗಡಿಯವರು "ಪುಡಿ ಆಹಾರ ಹಾಕಿ, ಸ್ವಲ್ಪ ನೀರು ಚಿಮುಕಿಸಿ, ಸಾಕು" ಎಂದು ಕಳಿಸಿದ್ದರು. ಬೇರೆ ಖಾಲಿ ಚಿಪ್ಪು ಬೇಕು ಎಂದು ಯಾರೂ ಹೇಳ್ಲಿಲ್ಲ. ಒಂದು ಸತ್ತಿದೆ. ಇನ್ನೊಂದು ಇದೆ. ಏನು ಮಾಡಬೇಕು?

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಮಾರಾಟಕ್ಕೆ ಬರುವ ನೆಲದ ಏಡಿಗಳು ಬಹುತೇಕ ಎಲ್ಲವೂ ದಡದಿಂದ ಹಿಡಿದು ತಂದವು. ಸಾಕಿ ಮರಿ ಮಾಡುವುದು ತೀರಾ ಕಷ್ಟ, ಮರಿಗಳಿಗೆ ಕಡಲೇ ಬೇಕು. ಬಣ್ಣದ ಚಿಪ್ಪನ್ನು ಅದು ತಾನಾಗಿ ಆರಿಸಿಕೊಂಡದ್ದಲ್ಲ. ಬಣ್ಣ ಸುಲಿದು ಬಾಯಿಗೂ ಹೋಗುತ್ತದೆ.

ಈಗ ಮಾಡಬೇಕಾದದ್ದು: ಬಣ್ಣವಿಲ್ಲದ, ಗುಂಡು ಬಾಯಿಯ ಕೆಲವು ಚಿಪ್ಪುಗಳನ್ನು ಇಡಿ. ಒಂದೆರಡು ಈಗಿನದಕ್ಕಿಂತ ಸ್ವಲ್ಪ ದೊಡ್ಡವು, ಒಂದು ಅದೇ ಅಳತೆಯದು. ಬಿಸಿ ನೀರಿನಲ್ಲಿ ಕುದಿಸಿ ಆರಿಸಿ ಇಡಿ. ಎರಡು ಬಟ್ಟಲು ನೀರು ಬೇಕು, ಒಂದು ಕ್ಲೋರಿನ್ ತೆಗೆದ ಸಿಹಿನೀರು, ಒಂದು ಕಡಲ ಅಕ್ವೇರಿಯಂಗೆಂದು ಮಾರುವ ಉಪ್ಪು ಬೆರೆಸಿದ ಉಪ್ಪುನೀರು. ಅಡುಗೆ ಉಪ್ಪು ಬೇಡ. ಗಾಳಿಯಲ್ಲಿ ತೇವ ಇರಬೇಕು. ಈ ಬಯಲುಸೀಮೆ ಬೇಸಿಗೆಯಲ್ಲಿ ತೆರೆದ ಡಬ್ಬದಲ್ಲಿಟ್ಟರೆ ಒಣಗಿ ಸಾಯುತ್ತದೆ. ಮುಚ್ಚಳವಿರುವ ಗಾಜಿನ ಪೆಟ್ಟಿಗೆ, ಒಳಗೆ ಏಡಿ ಪೂರ್ತಿ ಹೂತುಕೊಳ್ಳುವಷ್ಟು ಆಳದ ಒದ್ದೆ ಮರಳು. ಪೊರೆ ಬಿಡಲು ಅದು ಮಣ್ಣಿನೊಳಗೆ ಹೋಗುತ್ತದೆ. ವಾರಗಟ್ಟಲೆ ಕಾಣದಿದ್ದರೂ ಅಗೆದು ತೆಗೆಯಬೇಡಿ. ಮತ್ತೆ ಹೊಸ ಏಡಿ ತರಬೇಡಿ, ಇದು ನನ್ನ ಕೋರಿಕೆ.

ಶಿಡ್ಲಘಟ್ಟ_ಗೂಡು

ಉಪ್ಪು ಇವತ್ತೇ ತರಿಸುತ್ತೇನೆ. ಚಿಪ್ಪು ನೋಡಿಯೇ ಇಡುತ್ತೇನೆ. ಥ್ಯಾಂಕ್ಸ್.

ವೇದಿಕೆ_ನಿರ್ವಾಹಕ

ಅಂಗಡಿ ಹೆಸರು ಕೇಳಿ ಖಾಸಗಿ ಸಂದೇಶ ಹಾಕುತ್ತಿರುವವರು ದಯವಿಟ್ಟು ನಿಲ್ಲಿಸಿ. ವಿಷಯ ಏಡಿ.

ಗುಬ್ಬಿಗೇಟ್ (ತುಮಕೂರು)

ಪ್ಲಾಸ್ಟಿಕ್ ಮುಚ್ಚಳ ಹೊತ್ತ ಏಡಿಯ ಫೋಟೋ ವಾಟ್ಸಾಪಿನಲ್ಲಿ ಓಡಾಡುತ್ತದೆ. ಅದು ನಿಜವಾ, ಮಾಡಿದ್ದಾ?

ನಂದಿತಪ್ಪಲು (ಚಿಕ್ಕಬಳ್ಳಾಪುರ)

ನಿಜ. 2024ರಲ್ಲಿ ಪೋಲೆಂಡಿನ ಸಂಶೋಧಕರು ಜನ ಅಂತರ್ಜಾಲಕ್ಕೆ ಹಾಕಿದ ಫೋಟೋಗಳನ್ನೇ ಜೋಡಿಸಿ ನೋಡಿದರು. ಕೃತಕ ಚಿಪ್ಪು ಹೊತ್ತ 386 ಏಡಿಗಳು ಸಿಕ್ಕವು. ನೆಲದ ಮೇಲಿನ 16 ಜಾತಿಗಳಲ್ಲಿ 10 ಜಾತಿ ಹೀಗೆ ಮಾಡುತ್ತಿವೆ. ಅವು ಹೊತ್ತದ್ದರಲ್ಲಿ 85% ಪ್ಲಾಸ್ಟಿಕ್, ಅದರಲ್ಲೂ ಬಾಟಲಿ ಮುಚ್ಚಳ. ಹಗುರ ಅಂತಲೋ, ಚಿಪ್ಪು ಸಿಗದೆಯೋ ಅನ್ನುವುದು ಫೋಟೋದಿಂದ ಗೊತ್ತಾಗುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಬಾಟಲಿ. ಜೆನಿಫರ್ ಲೇವರ್ಸ್ ಮತ್ತು ಜೊತೆಯವರು ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳಲ್ಲೂ ಪೆಸಿಫಿಕ್‌ನ ಹೆಂಡರ್ಸನ್ ದ್ವೀಪದಲ್ಲೂ ಲೆಕ್ಕ ಹಾಕಿದರು. ದಡಕ್ಕೆ ಬಂದ ಬಾಟಲಿ, ಡಬ್ಬಗಳೊಳಗೆ ಬಿದ್ದು ಸಾಯುವ ಏಡಿಗಳು ಸುಮಾರು 5,70,000 ಎಂಬುದು ಅವರ ಅಂದಾಜು. ಒಂದೇ ಡಬ್ಬದಲ್ಲಿ 526 ಏಡಿ ಸಿಕ್ಕಿದ್ದವು. ಯಾಕೆ ಅಷ್ಟು ಅಂದರೆ, ಸತ್ತ ಏಡಿಯ ವಾಸನೆ ಬಂದರೆ ಉಳಿದವು ಓಡಿ ಬರುತ್ತವೆ. ಒಬ್ಬರು ಸತ್ತರೆ ಒಂದು ಚಿಪ್ಪು ಖಾಲಿ ಎಂದರ್ಥ. ಬಾಟಲಿಯೊಳಗೆ ಒಂದು ಜಾರಿ ಬಿದ್ದು ಸತ್ತರೆ ಆ ವಾಸನೆಗೆ ಇನ್ನೊಂದು ಬರುತ್ತದೆ, ಅದೂ ಜಾರುತ್ತದೆ. ಮೇಲೆ ಹತ್ತಲು ನುಣುಪು ಗೋಡೆ ಬಿಡುವುದಿಲ್ಲ. ಚಿಪ್ಪು ಹುಡುಕುವ ಅದೇ ಜಾಣತನ ಇಲ್ಲಿ ಸಾಲುಸಾಲಾಗಿ ಕೊಲ್ಲುತ್ತದೆ.

ಚಿನ್ನದಗಣಿ (ಕೆಜಿಎಫ್)

ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ದಡದಲ್ಲಿ ಬುಟ್ಟಿಗಟ್ಟಲೆ ಚಿಪ್ಪು ಮಾರುತ್ತಾರಲ್ಲ, ಅದೂ ಇದೇ ಲೆಕ್ಕಕ್ಕೆ ಬರುತ್ತದಾ?

ಮಧುಗಿರಿ_ಮೇಷ್ಟ್ರು

ಬರುತ್ತದೆ. ದೊಡ್ಡ, ಗಟ್ಟಿ, ತೂತಿಲ್ಲದ ಸುತ್ತು ಚಿಪ್ಪು ನಮಗೂ ಬೇಕು, ಏಡಿಗೂ ಅದೇ ಬೇಕು. ಒಂದು ದೊಡ್ಡ ಚಿಪ್ಪು ಶೋಕೇಸಿಗೆ ಬಂದರೆ ಅಲ್ಲಿ ಒಂದು ಸರಣಿ ಶುರುವಾಗುವುದೇ ಇಲ್ಲ. ಮೇಲಾಗಿ ಹೊಳೆಯುವ ಚಿಪ್ಪುಗಳಲ್ಲಿ ಎಷ್ಟೋ ಜೀವಂತ ಹುಳುವನ್ನು ಹಿಡಿದು ತೆಗೆದವು. ಕೆಲವು ಜಾತಿಗಳು ಕಾಯ್ದೆಯ ಪಟ್ಟಿಯಲ್ಲೂ ಇವೆ, ಇಟ್ಟುಕೊಳ್ಳುವುದೇ ಅಪರಾಧ. ಮಕ್ಕಳು ದಡದಲ್ಲಿ ಒಂದು ಕಪ್ಪೆಚಿಪ್ಪು ಎತ್ತಿಕೊಂಡರೆ ಆಕಾಶ ಬೀಳುವುದಿಲ್ಲ. ಕೊಳ್ಳುವುದನ್ನು ಬಿಡಿ ಅಂತ ನನ್ನ ಮಾತು.

ಪಿಯುಸಿ_ಮುಳಬಾಗಿಲು

ಸರ್, ಮೇಡಂ, ಕಾಲೇಜಿನಿಂದ ಮಲ್ಪೆಗೆ ಟ್ರಿಪ್ ಇದೆ. ಇದರ ಮೇಲೆ ಪ್ರಾಜೆಕ್ಟ್ ಮಾಡಬಹುದಾ? ಏಡಿ ಹೊರಗೆ ತೆಗೆದು ಅಳತೆ ಮಾಡುವುದು ಹೇಗೆ?

ನಂದಿತಪ್ಪಲು (ಚಿಕ್ಕಬಳ್ಳಾಪುರ)

ತೆಗೆಯಲೇಬಾರದು. ಎಳೆದರೆ ಅದು ಬಿಡುವುದಿಲ್ಲ, ಮೈ ಹರಿದರೂ ಹಿಡಿದೇ ಇರುತ್ತದೆ. ಪ್ರಾಜೆಕ್ಟ್ ಮಾತ್ರ ಚೆನ್ನಾಗಿ ಮಾಡಬಹುದು. ಇಳಿತದ ಹೊತ್ತು ನೋಡಿಕೊಂಡು ಬಂಡೆ ಇರುವ ಕಡೆ ಹೋಗಿ. ಒಂದು ಹೊಂಡದ ಏಡಿಗಳು ಯಾವ್ಯಾವ ಜಾತಿಯ ಚಿಪ್ಪಿನಲ್ಲಿವೆ, ಎಷ್ಟು ಚಿಪ್ಪು ಮುರಿದಿವೆ, ಎಷ್ಟರಲ್ಲಿ ಗುಂಡು ತೂತು ಇದೆ ಎಂದು ಬರೆದುಕೊಳ್ಳಿ. ಚಿಪ್ಪಿನ ಬಾಯಿಯ ಅಗಲವನ್ನು ಸ್ಕೇಲಿನಿಂದ ಹೊರಗಿನಿಂದಲೇ ಅಳೆಯಿರಿ. ಅದೇ ಹೊಂಡದ ಖಾಲಿ ಸುತ್ತು ಚಿಪ್ಪುಗಳನ್ನೂ ಹಾಗೇ ಅಳೆಯಿರಿ. ಎರಡು ಪಟ್ಟಿ ಪಕ್ಕಪಕ್ಕ ಇಟ್ಟರೆ ಖಾಲಿ ಬಿದ್ದಿರುವುದು ಎಂಥವು, ಏಡಿ ಹೊತ್ತಿರುವುದು ಎಂಥವು ಎಂದು ಗೊತ್ತಾಗುತ್ತದೆ. ಅಳೆದ ಏಡಿಯನ್ನು ಅದೇ ಹೊಂಡಕ್ಕೆ ಬಿಡಿ. ಬಿಸಿಲಲ್ಲಿ ಕೈಯಲ್ಲಿ ಹಿಡಿದು ಸೆಲ್ಫಿ ಬೇಡ.

ಪಿಯುಸಿ_ಮುಳಬಾಗಿಲು

ಖಾಲಿ ಚಿಪ್ಪು ಹೊಂಡದಲ್ಲಿ ಒಂದೂ ಇಲ್ಲದಿದ್ದರೆ?

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಹಾಗಾದರೆ ಸೊನ್ನೆ ಅಂತ ಬರೆಯಿರಿ. ಆ ಸೊನ್ನೆಯೇ ನಿಮ್ಮ ಪ್ರಾಜೆಕ್ಟಿನ ಮುಖ್ಯ ಅಂಕಿ ಆಗಬಹುದು.

ಗುಬ್ಬಿಗೇಟ್ (ತುಮಕೂರು)

ಭಾವಮೈದ ಓದಿದನಂತೆ! "ಸಿಕ್ಕಿದ್ದರಲ್ಲಿ ಆರಿಸುತ್ತದೆ ಅಂತಾನೇ ನಾನೂ ಹೇಳಿದ್ದು" ಅಂತ ಈಗ ಹೊಸ ರಾಗ.